ಹಪ್ಪಳ ದಪ್ಪವಾದ ವರ್ಷದ ಸಮಾವೇಶ

ಮಾರ್ಚ್ 24, ಸೋಮವಾರ, ಬೆಳಿಗ್ಗೆ 10 ಗಂಟೆ 35 ನಿಮಿಷ. ಕಳೆದ ವರ್ಷದ ನನ್ನ ಡೈರಿಯಲ್ಲಿ ಆ ಹೊತ್ತಿನ ಮುಂದೆ ಇರುವುದು ಇಷ್ಟೇ: 'ಶರಾವತಿ ಅತ್ತೆ ಬಂದಿದ್ದರು. ಲೇಬಲ್ 50.' ಅದರ ಹಿಂದಿನ ವರ್ಷದ ಡೈರಿ ತೆಗೆದರೆ ಅದೇ ವಾರದಲ್ಲಿ 320 ಎಂದಿದೆ. ಐವತ್ತರ ಕೆಳಗೆ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದಿದ್ದೇನೆ. ಅಲ್ಲಿಂದಲೇ ಎಲ್ಲ ಶುರುವಾದದ್ದು.

ಮೊನ್ನೆ ಏಪ್ರಿಲ್ ಕೊನೆಯ ಭಾನುವಾರ ಶಿರಸಿಯಲ್ಲಿ ಗೆಳತಿಯ ಮದುವೆ ಇತ್ತು. ಛತ್ರದ ಮೆಟ್ಟಿಲು ಹತ್ತುತ್ತಿದ್ದ ಹಾಗೇ ಅಡಿಗೆಯ ಕಡೆಯಿಂದ ಹಲಸಿನ ಹಪ್ಪಳ ಕರಿಯುವ ವಾಸನೆ ಬಂತು. ಅದೇ ಛತ್ರ, ಅದೇ ಮೆಟ್ಟಿಲು. ಕಳೆದ ವರ್ಷ ಮೇ ತಿಂಗಳಲ್ಲಿ ನಾನು ರಿಜಿಸ್ಟರ್ ಮತ್ತು ಎರಡು ಪೆನ್ನು ಇಟ್ಟುಕೊಂಡು ಕೂತ ಮೇಜಿನ ಜಾಗದಲ್ಲಿ ಈ ಸಲ ಗಂಧ, ಹೂವು, ಪನ್ನೀರಿನ ತಟ್ಟೆ ಇತ್ತು. ಮದುವೆಯಿಂದ ಬಂದವಳೇ ಹಳೆಯ ಡೈರಿ ಬಿಚ್ಚಿದೆ. ಬರೆದಿಟ್ಟದ್ದನ್ನೆಲ್ಲ ಒಂದು ಕಡೆ ಸೇರಿಸಬೇಕು ಅನ್ನಿಸಿತು.

ನಾನು ಸಿದ್ದಾಪುರದವಳು. ಶಿರಸಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲೂಕಿನಲ್ಲಿ ಮನೆಯಲ್ಲೇ ಉಪ್ಪಿನಕಾಯಿ, ಹಪ್ಪಳ, ಜೇನುತುಪ್ಪ, ಮುರುಗಲ ಹಣ್ಣಿನ ಪಾನಕ ಮಾಡಿ ಮಾರುವವರ ಲೇಬಲ್‌ಗಳು ನನ್ನ ಕಂಪ್ಯೂಟರಿನಲ್ಲಿ ಇವೆ. ಯಾರ ಮನೆಯಲ್ಲಿ ಎಷ್ಟು ಬಾಟಲಿ, ಎಷ್ಟು ಕಟ್ಟು ಆಗುತ್ತದೆ ಎಂಬುದು ಲೇಬಲಿನ ಲೆಕ್ಕದಿಂದಲೇ ನನಗೆ ಗೊತ್ತಾಗುತ್ತದೆ. ಶರಾವತಿ ಅತ್ತೆ ಹುಲೇಕಲ್ಲಿನವರು. ನಮಗೆ ನೆಂಟರಲ್ಲ. ಪ್ರೆಸ್ಸಿನಲ್ಲಿ ಎಲ್ಲರೂ ಅತ್ತೆ ಎನ್ನುವುದರಿಂದ ನನಗೂ ಅತ್ತೆ. ಅವರೂ ಅಕ್ಕಪಕ್ಕದ ಆರು ಹೆಂಗಸರೂ ಸೇರಿ ಹನ್ನೊಂದು ವರ್ಷದಿಂದ ಹಲಸಿನ ಹಪ್ಪಳ ಒತ್ತುತ್ತಿದ್ದರು. ಇಪ್ಪತ್ತೈದು ಹಪ್ಪಳಕ್ಕೆ ಒಂದು ಕಟ್ಟು, ಕಟ್ಟಿಗೊಂದು ಲೇಬಲ್.

"ಐವತ್ತೇ ಸಾಕು ಕೂಸೆ," ಎಂದರು ಅವತ್ತು.

"ಎಂತಕ್ಕೆ ಅತ್ತೆ? ಹೋದ ವರ್ಷ ಮುನ್ನೂರಿಪ್ಪತ್ತು ಬೇಕಾಗಿತ್ತು."

"ಪೇಟೆ ಅಂಗಡಿಯವ ಬ್ಯಾಡ, ಇನ್ನು ತರಡಿ ಹೇಳಿಬಿಟ್ಟ. ಮಿಷನ್ ಹಪ್ಪಳ ಬತ್ತಡ. ಎಲ್ಲಾ ಒಂದೇ ಅಳತೆ, ಒಂದೇ ಬಣ್ಣ. ಮನೆ ಖರ್ಚಿಗೆ, ನೆಂಟರಿಗೆ ಐವತ್ತು ಕಟ್ಟು ಆದ್ರೆ ಆತು. ಬರೋ ವರ್ಷ ಅದೂ ಇಲ್ಲೆ. ಹಪ್ಪಳ ಒತ್ತೋ ಮಣೆ ತೊಳದು ಅಟ್ಟಕ್ಕೆ ಹಾಕದು."

ಹೇಳಿದ ರೀತಿಯಲ್ಲಿ ದುಃಖ ಇರಲಿಲ್ಲ. ಬಸ್ಸು ತಪ್ಪಿತು ಎಂದು ಹೇಳುವ ಹಾಗೆ ಹೇಳಿದರು. ಆದರೆ ಲೇಬಲ್ ಕೈಗೆ ತೆಗೆದುಕೊಂಡಾಗ ಅದರ ಅಂಚನ್ನು ಹೆಬ್ಬೆರಳಿನಿಂದ ಎರಡು ಸಲ ಸವರಿದ್ದನ್ನು ನಾನು ನೋಡಿದೆ. ಆ ಲೇಬಲಿನ ಮೇಲೆ ಇದ್ದದ್ದು ಎರಡೇ ಸಾಲು: ಹಲಸಿನ ಹಪ್ಪಳ. ಹುಲೇಕಲ್. 'ರುಚಿಕರ' ಎಂಬ ಪದವನ್ನೂ ಅವರು ಹಾಕಿಸುತ್ತಿರಲಿಲ್ಲ. ಫೋನ್ ನಂಬರ್ ಹಾಕೋಣವೇ ಎಂದು ನಾಲ್ಕು ವರ್ಷದ ಹಿಂದೆ ಒಮ್ಮೆ ಕೇಳಿದ್ದೆ. "ಅದೆಲ್ಲ ದೊಡ್ಡ ಕಂಪನಿಯವಕ್ಕೆ" ಎಂದಿದ್ದರು. ನಾನೂ ಮತ್ತೆ ಕೇಳಲಿಲ್ಲ.

ನಮ್ಮ ಪ್ರೆಸ್ಸಿನ ಮಾಲೀಕ ಗಜಣ್ಣ ಮೂರೂ ತಾಲೂಕಿನ ಗೃಹೋದ್ಯಮದವರ, ಸಣ್ಣ ಅಂಗಡಿಯವರ ಕೂಟಕ್ಕೆ ಅಧ್ಯಕ್ಷ. ಕೂಟ ಎಂದರೆ ವರ್ಷಕ್ಕೊಮ್ಮೆ ಸೇರಿ ಊಟ ಮಾಡಿ, ಮುಂದಿನ ವರ್ಷವೂ ಸೇರೋಣ ಎಂದು ಠರಾವು ಮಾಡಿ ಹೋಗುವುದು. ಆ ಮಧ್ಯಾಹ್ನವೇ ನಾನು ಅವರ ಮೇಜಿನ ಮುಂದೆ ನಿಂತೆ. ಈ ಸಲ ಊಟಕ್ಕೆ ಮುಂಚೆ ಒಂದು ಸಮಾವೇಶ ಮಾಡೋಣ, ಜಾಲತಾಣದಲ್ಲಿ, ಮೊಬೈಲಿನಲ್ಲಿ ಗಿರಾಕಿ ಹುಡುಕುವುದು ಹೇಗೆ ಎಂದು ಗೊತ್ತಿದ್ದವರಿಂದ ಹೇಳಿಸೋಣ ಎಂದೆ.

"ಮೊಬೈಲ್ ನೋಡಲೆ ಸಮಾವೇಶ ಎಂತಕ್ಕೆ ತಂಗಿ?" ಎಂದರು ಗಜಣ್ಣ. "ನಮ್ಮನೆಲಿ ದಿನಾ ನಡೆತು. ಅಧ್ಯಕ್ಷತೆ ಹೆಂಡ್ತಿದು, ಸ್ವಾಗತ ಮಗಂದು. ಆನು ವಂದನಾರ್ಪಣೆಗೆ ಮಾತ್ರ."

ಹದಿನೈದು ನಿಮಿಷ ಹೀಗೇ ತಮಾಷೆ ಮಾಡಿ ಕೊನೆಗೆ ಒಪ್ಪಿದರು. ಎರಡು ಷರತ್ತು. ಊಟದಲ್ಲಿ ಒಂದು ಬಗೆಯೂ ಕಡಿಮೆ ಆಗಬಾರದು. ಮತ್ತೆ, ಆಮಂತ್ರಣ ಬರೀ ಮೊಬೈಲ್ ಗ್ರೂಪಿನಲ್ಲಿ ಹಾಕಿದರೆ ಸಾಲದು, ಕಾಗದದ ಪೋಸ್ಟರ್ ಮಾಡಿ ಮೂರೂ ಊರಿನ ಬಸ್ ನಿಲ್ದಾಣದಲ್ಲಿ ಅಂಟಿಸಬೇಕು. ಹೊಸ ಮಾಧ್ಯಮದ ಸಮಾವೇಶಕ್ಕೆ ಗೋಡೆಗೆ ಕಾಗದ ಅಂಟಿಸುವುದು ನನಗೆ ನಾಚಿಕೆ ಅನ್ನಿಸಿತು. ಆದರೂ ಮೂವತ್ತು ಪೋಸ್ಟರ್ ಮಾಡಿದೆ. ಅಂಚಿನ ಸುತ್ತ ನಮ್ಮಲ್ಲಿ ಅಚ್ಚಾಗುವ ಲೇಬಲ್‌ಗಳ ಚಿತ್ರವನ್ನೇ ಇಟ್ಟೆ. ದಿನ ಗೊತ್ತಾಯಿತು: ಮೇ 11, ಭಾನುವಾರ.

ಸಮಾವೇಶ ನಿಶ್ಚಯವಾದ ಮರುದಿನ ಹುಲೇಕಲ್ಲಿಗೆ ಹೋಗಿ, "ಅತ್ತೆ, ಈ ಸಲವೂ ಪೂರ್ತಿ ಮಾಡಿ, ಗಿರಾಕಿ ಸಿಗ್ತ," ಎಂದುಬಿಟ್ಟೆ. ಅಂಗಳದಲ್ಲಿ ಏಳೂ ಜನ ಇದ್ದರು. ಶರಾವತಿ ಅತ್ತೆ ಉಳಿದವರ ಮುಖ ನೋಡಿದರು.

"ನೀನು ಹೇಳಿದ್ದಕ್ಕೆ ಮಾಡ್ತ್ಯ ನೋಡು. ಮಾರಿ ಹೋತು, ಆತು. ಹೋಗದಿದ್ರೆ ನೀನೇ ಬಂದು ಮಣೆ ಅಟ್ಟಕ್ಕೆ ಹಾಕಿಕೊಟ್ಟು ಹೋಗು."

ಮುನ್ನೂರಿಪ್ಪತ್ತು ಕಟ್ಟು. ಎಂಟು ಸಾವಿರ ಹಪ್ಪಳ. ಅವತ್ತಿನ ಪುಟದಲ್ಲಿ ಆ ಗುಣಾಕಾರವನ್ನು ಬರೆದು ಅದರ ಪಕ್ಕದಲ್ಲಿ 'ನನ್ನ ಮಾತಿನ ಮೇಲೆ' ಎಂದು ಬರೆದಿದ್ದೇನೆ.

ಹುಬ್ಬಳ್ಳಿಯಿಂದ ತರಬೇತಿ ಕೊಡಲು ಒಬ್ಬರು ಬರುವುದೆಂದಾಯಿತು. ಅವರು ಫೋನಿನಲ್ಲಿ ಕೇಳಿದ್ದು ಒಂದೇ: ಬರುವವರೆಲ್ಲ ತಮ್ಮ ಮಾಲಿನ ಬಗ್ಗೆ ಒಂದು ನಿಮಿಷ ಮಾತಾಡಿದ ವಿಡಿಯೋ ಮೊದಲೇ ಕಳಿಸಬೇಕು. ಏಪ್ರಿಲ್ 13ರಿಂದ ಮೇ 4ರವರೆಗೆ ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ 34 ಜನರ ವಿಡಿಯೋ ತೆಗೆದೆ. ಶಿರಸಿಯ 15, ಸಿದ್ದಾಪುರದ 11, ಯಲ್ಲಾಪುರದ 8. ಬಿಸಿಲು ಎಷ್ಟಿತ್ತೆಂದರೆ ಅರಬೈಲಿನಲ್ಲಿ ನನ್ನ ಫೋನು ಬಿಸಿಯಾಗಿ ತಾನಾಗಿ ಆರಿಹೋಯಿತು. ಅಲ್ಲಿ ಘಟ್ಟದ ರಸ್ತೆ ಬದಿಗೆ ಮುರುಗಲ ಪಾನಕ ಮಾರುವ ನಾಗವೇಣಕ್ಕ ಅದನ್ನು ನೀರಿನ ಕೊಡಕ್ಕೆ ಒರಗಿಸಿ ಇಟ್ಟು ತಂಪು ಮಾಡಿಕೊಟ್ಟರು. ಆಮೇಲೆ ಕ್ಯಾಮೆರಾ ಮುಂದೆ ನಿಂತು, "ಮುರುಗಲು ಎಲ್ಲರ ಮನೆಯಲ್ಲೂ ಇರ್ತದೆ, ಇದರಲ್ಲೇನಿದೆ ಹೇಳುವಂಥದ್ದು," ಎಂದು ನಕ್ಕುಬಿಟ್ಟರು. ದೊಡ್ಮನೆಯ ಮಂಜಣ್ಣ ಜೇನು ಸಾಕುವವರು. ಅವರು ಇನ್ನೂ ಚುಟುಕು. "ತುಪ್ಪ ಹುಳ ಮಾಡ್ತ. ಯನ್ನದೆಂತ ಇದ್ದು?"

ನನ್ನ ಲೆಕ್ಕ ಹೀಗಿದೆ. ಮೊದಲ ಹತ್ತು ಸೆಕೆಂಡಿನೊಳಗೆ 'ವಿಶೇಷ ಎಂತೂ ಇಲ್ಲೆ' ಅಥವಾ ಅದೇ ಅರ್ಥದ ಮಾತು ಹೇಳಿದವರು 29. ಬಾಯಿಯನ್ನೇ ಬಿಡದವರು 4. ಎರಡು ನಿಮಿಷ ಬಿಡದೆ ಮಾತಾಡಿದವನು ಒಬ್ಬ. ಅವನು ಮೊಬೈಲ್ ಕವರ್ ಮಾರುವವನು.

ಇದು ನನಗೆ ಹೊಸದಾಗಿರಬಾರದಿತ್ತು. ನಮ್ಮ ಕಡೆ ಹದಿನಾರು ಬಗೆ ಮಾಡಿ ಬಡಿಸಿದ ಮನೆಯವರೂ "ಎಂತದೂ ಮಾಡಿದ್ದಿಲ್ಲೆ, ಹೊಟ್ಟೆ ತುಂಬ ಉಣ್ಣಿ" ಎಂದೇ ಹೇಳುವುದು. ಚೆನ್ನಾಗಿದೆ ಎನ್ನುವುದು ಉಂಡವರ ಕೆಲಸ. ಅದನ್ನು ನೋಡುತ್ತ ಬೆಳೆದವಳು ನಾನು. ಆದರೂ ತಪ್ಪು ಮಾಡಿದೆ. 34 ಜನರಿಗೂ ನಾನೇ ಒಂದೊಂದು ಮಾತು ಬರೆದು, ಟೈಪ್ ಮಾಡಿ, ಬಾಯಿಪಾಠ ಮಾಡಿ ಎಂದು ಕೊಟ್ಟೆ. ಶರಾವತಿ ಅತ್ತೆಯ ಹಾಳೆಯಲ್ಲಿ 'ನಮ್ಮ ಹಪ್ಪಳಕ್ಕೆ ಸಾಟಿಯೇ ಇಲ್ಲ' ಎಂದು ಶುರುವಾಗುತ್ತಿತ್ತು. ಅವರು ಕನ್ನಡಕ ಏರಿಸಿ ಓದಿದರು.

"ಇದನ್ನ ಆನು ಹೇಳವ?"

"ಹೇಳವು ಅತ್ತೆ. ಎಲ್ಲ ಕಡೆ ಹಂಗೇ ಹೇಳ್ತ."

"ನಾಳೆ ಸೊಸೈಟಿ ಎದುರು ಹೆಂಗೆ ತಿರುಗಾಡದು? ನಮ್ಮದ್ದನ್ನ ನಾವೇ ಹೊಗಳಿಕ್ಯಂಡ್ರೆ ತಿಂದವಕ್ಕೆ ಹೇಳಲೆ ಎಂತ ಉಳತ್ತು?"

ಆ ಮಾತನ್ನು ಡೈರಿಯಲ್ಲಿ ಬರೆದುಕೊಂಡೆ. ಅರ್ಥ ಮಾಡಿಕೊಳ್ಳಲಿಲ್ಲ. ಸಮಾವೇಶದ ದಿನ ಒಬ್ಬರು ವೇದಿಕೆಯಿಂದ ಮೊಬೈಲ್ ನೇರ ಪ್ರಸಾರದಲ್ಲಿ ಮಾತಾಡುವುದಿತ್ತು, ಅದಕ್ಕೆ ಅವರನ್ನೇ ಆರಿಸಿದೆ. ಹೆಚ್ಚು ಅಗತ್ಯ ಇದ್ದದ್ದು ಅವರಿಗೇ ತಾನೆ.

ಮೇ 4ರಂದು ಆ ಮಾತನ್ನು ಅಭ್ಯಾಸ ಮಾಡಿಸಲೆಂದು ಹೋದಾಗ ಎರಡೂವರೆಗೆ ಮೋಡ ಕಟ್ಟಿತು. ಹಿಟ್ಟು ಕುಟ್ಟಿ ಆಗಿತ್ತು. ಹಾಗೇ ಬಿಟ್ಟರೆ ಹುಳಿ ಬರುತ್ತದೆ. ಚಾಪೆಗಳನ್ನು ಒಳಗೆ ಎಳೆದು, ಇರುವವರೆಲ್ಲ ಒತ್ತಲು ಕೂತರು. ನನ್ನ ಕೈಗೂ ಒಂದು ಮಣೆ ಬಂತು. ಹಿಟ್ಟಿನ ಉಂಡೆ ಇಟ್ಟು, ಮೇಲೆ ಮಣೆ ಇಟ್ಟು, ಮೈಭಾರ ಹಾಕಿ ಒತ್ತಬೇಕು. ನಾನು ಒತ್ತಿದ್ದು 61. ಗುಡುಗಿನ ಸದ್ದಿಗೆ ಅವಸರ ಬಿದ್ದು ಒಂದೂ ತೆಳ್ಳಗಾಗಲಿಲ್ಲ. ಶರಾವತಿ ಅತ್ತೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ರೊಟ್ಟಿ ಆಗ್ತಿತ್ತನ," ಎಂದು ನಕ್ಕು ಅದನ್ನೂ ಉಳಿದವುಗಳ ಜೊತೆಗೇ ಹರವಿದರು.

ಮೇ 11. ಬೆಳಿಗ್ಗೆ 9.30ಕ್ಕೆ ಶುರು ಎಂದಿದ್ದೆವು. 9.52ಕ್ಕೆ ಶುರುವಾಯಿತು. ಬಾಗಿಲಲ್ಲಿ ರಿಜಿಸ್ಟರ್ ಇಟ್ಟಿದ್ದೆ. ಹೆಸರು, ಊರು, ವ್ಯವಹಾರ, ಸಹಿ ಎಂದು ನಾಲ್ಕು ಕಾಲಂ. ಒಟ್ಟು 143 ಸಾಲು ತುಂಬಿತು: ಶಿರಸಿ 72, ಸಿದ್ದಾಪುರ 44, ಯಲ್ಲಾಪುರ 27. ಅರವತ್ತು ಜನ ಬಂದರೆ ಹೆಚ್ಚು ಎಂದಿದ್ದ ಗಜಣ್ಣ ಅಡಿಗೆಯವರ ಕಡೆಗೆ ಎರಡು ಸಲ ಓಡಿದರು. ತರಬೇತಿಯವರು ಚೆನ್ನಾಗಿಯೇ ಹೇಳಿಕೊಟ್ಟರು. ಚಿತ್ರ ತೆಗೆಯುವಾಗ ಬೆಳಕು ಯಾವ ಕಡೆಯಿಂದ ಬರಬೇಕು, ನಕಾಶೆಯಲ್ಲಿ ನಮ್ಮ ಅಂಗಡಿಯನ್ನು ಗುರುತು ಮಾಡುವುದು ಹೇಗೆ, ಗಿರಾಕಿ ಕಳಿಸಿದ ಸಂದೇಶಕ್ಕೆ ಎಷ್ಟು ಹೊತ್ತಿನೊಳಗೆ ಉತ್ತರ ಕೊಡಬೇಕು. ನನ್ನ ಟಿಪ್ಪಣಿ ಹನ್ನೊಂದು ಪುಟ ಆಗಿದೆ. ಆದರೆ 34 ವಿಡಿಯೋಗಳನ್ನು ನೋಡಿ ಬಂದಿದ್ದ ಅವರಿಗೆ ಒಂದು ಗೊಂದಲ ಉಳಿದಿತ್ತು. ಚಾ ಕುಡಿಯುವಾಗ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು.

"ಮೇಡಂ, ನಿಮ್ಮ ಮಂದಿ ತಮ್ಮ ಮಾಲು ಚಲೋ ಐತಿ ಅಂತ ಹೇಳಾಕ ಯಾಕ ಇಷ್ಟ ನಾಚ್ತಾರ? ಮಾರಾಕ ಕುಂತಾರೋ, ಕ್ಷಮಾ ಕೇಳಾಕ ಕುಂತಾರೋ?"

ಇವತ್ತು ನೋಡಿ ಸರ್, ಒಬ್ಬರು ಚೆನ್ನಾಗಿ ಹೇಳುತ್ತಾರೆ ಎಂದೆ.

11.20ಕ್ಕೆ ಶರಾವತಿ ಅತ್ತೆ ಕೈಯಲ್ಲಿ ಒಂದು ಕಟ್ಟು ಹಪ್ಪಳ ಹಿಡಿದು ವೇದಿಕೆಗೆ ಬಂದರು. ಕ್ಯಾಮೆರಾದ ಹಿಂದೆ ನಾನು. ನೇರ ಪ್ರಸಾರ ನೋಡುತ್ತಿದ್ದವರು 58. ಅತ್ತೆ ಮಾತಾಡಲಿಲ್ಲ. ವಿಡಿಯೋದಲ್ಲಿ ಈಗಲೂ ಎಣಿಸಬಹುದು, ನಲವತ್ತೆರಡು ಸೆಕೆಂಡು. 'ನಮ್ಮ ಹಪ್ಪಳಕ್ಕೆ' ಎಂದು ನಾನು ತುಟಿ ಅಲ್ಲಾಡಿಸಿ ತೋರಿಸಿದೆ. ಅವರು ನನ್ನನ್ನು ನೋಡಿ, ಕಟ್ಟನ್ನು ನೋಡಿ, ಮೈಕಿನಲ್ಲಿ ಹೇಳಿದರು:

"ಈ ಸಲದ್ದು ಒಂದಷ್ಟು ದಪ್ಪ ಆಯ್ದು. ಮೋಡ ಬಂತು, ಅವಸರ ಆತು. ಕರಿವಾಗ ಉರಿ ಸಣ್ಣ ಇಡವು."

ಸಭೆ ನಕ್ಕಿತು. ತರಬೇತಿಯವರು ಹಣೆ ಒತ್ತಿಕೊಂಡರು. ದಪ್ಪ ಮಾಡಿದ್ದು ಯಾರು ಎಂದು ಅತ್ತೆ ಹೇಳಲಿಲ್ಲ. ಎಂಟು ಸಾವಿರ ಹಪ್ಪಳ, ಏಳು ಹೆಂಗಸರು, ನನ್ನ ಮಾತು. ಮುಗಿಯಿತು ಅಂದುಕೊಂಡು ಪ್ರಸಾರ ನಿಲ್ಲಿಸಲು ಬೆರಳು ಮುಂದೆ ಮಾಡಿದ್ದೆ. ಆಗ ಹಿಂದಿನ ಬಾಗಿಲ ಹತ್ತಿರದಿಂದ ಒಂದು ಹೆಂಗಸಿನ ದನಿ ಬಂತು.

"ದಪ್ಪ ಆದ್ರ ಏನಾತ್ರಿ ಅಕ್ಕಾರ? ನಾ ತಿಂದೇನ್ರಿ ನಿಮ್ಮ ಹಪ್ಪಳ."

ಎಲ್ಲರೂ ತಿರುಗಿದರು. ಮೈಕಿಲ್ಲದೆಯೇ ಆ ದನಿ ಸಭೆಗೆಲ್ಲ ಕೇಳುತ್ತಿತ್ತು.

"ಹ್ವಾದ ವರ್ಷ ಎರಡು ಕಟ್ಟು ಒಯ್ದಿದ್ದೆ. ಡಬ್ಬ್ಯಾಗ ಹಾಕಿಟ್ಟು ಮಳಿಗಾಲ ಪೂರಾ ತಿಂದ್ವಿ. ಒಂದರ ಮೆತ್ತಗಾಗಿದ್ರ ಕೇಳ್ರಿ. ನಮ್ಮ ಮಾವನವರಿಗೆ ಹಲ್ಲಿಲ್ಲ, ಸಾರಿನ್ಯಾಗ ಅದ್ದಿ ತಿಂತಾರ. ಈ ವರ್ಷ ಅಂಗಡ್ಯಾಗ ಕೇಳಿದ್ರ ಅದು ಈಗ ಬರಂಗಿಲ್ಲ ಅಂದ. ಚೀಟಿ ಮ್ಯಾಲ ಊರಷ್ಟ ಐತಿ, ನಂಬರ್ ಇಲ್ಲ. ಹುಲೇಕಲ್ಲಿಗೆ ಹೋಗಿ ಯಾರ ಮನಿ ಅಂತ ಕೇಳ್ಲಿ? ಬಸ್ ಸ್ಟ್ಯಾಂಡಿನ ಗ್ವಾಡಿ ಮ್ಯಾಲ ನಿಮ್ಮ ಚೀಟಿ ಚಿತ್ರ ಕಂಡು ಇಲ್ಲಿಗೆ ಬಂದೇನಿ. ಮನಿ ಎಲ್ಲೈತಿ ಹೇಳ್ರಿ."

ಶರಾವತಿ ಅತ್ತೆ ಮೈಕು ಕೆಳಗಿಟ್ಟರು. ವೇದಿಕೆ ಇಳಿದು, ಕುರ್ಚಿಗಳ ನಡುವೆ ನಡೆದುಕೊಂಡು ಹೋಗಿ, ಕೈಯಲ್ಲಿದ್ದ ಕಟ್ಟನ್ನು ಆಕೆಯ ಕೈಯಲ್ಲಿಟ್ಟರು. ಕ್ಯಾಮೆರಾ ವೇದಿಕೆಗೆ ಮುಖ ಮಾಡಿತ್ತು. ವಿಡಿಯೋದಲ್ಲಿ ಕಾಣುವುದು ಖಾಲಿ ವೇದಿಕೆ, ಕೇಳುವುದು ಅತ್ತೆಯ ದನಿ: "ಸೊಸೈಟಿಯಿಂದ ಮೂರನೇ ಮನೆ. ಯಾರ ಹತ್ರ ಕೇಳಿದ್ರೂ ಹೇಳ್ತ."

ಆಗ ನಾಗವೇಣಕ್ಕ ಎದ್ದು ನಿಂತರು. "ಹಾಗಾದ್ರೆ ನಾನೂ ಒಂದು ಹೇಳ್ತೇನೆ. ನನ್ನದಲ್ಲ, ದೊಡ್ಮನೆ ಮಂಜಣ್ಣನ ಜೇನುತುಪ್ಪದ್ದು. ನನ್ನ ಮೊಮ್ಮಗಳು ಬಾಟಲಿ ತಳದಲ್ಲಿ ಗಟ್ಟಿಯಾದದ್ದನ್ನೂ ಚಮಚದಲ್ಲಿ ಕೆರೆದು ತಿಂತಾಳೆ. ಬೇರೆಯವರ ತುಪ್ಪ ತಂದ್ರೆ ಮುಖ ತಿರುಗಿಸ್ತಾಳೆ." ಮಂಜಣ್ಣ ತಲೆ ಬಗ್ಗಿಸಿ ಕೂತಿದ್ದವರು, ಸಾಲ ತೀರಿಸುವವರ ಹಾಗೆ ಗಡಬಡಿಸಿ ಎದ್ದು, "ಅರಬೈಲ್ ಘಟ್ಟ ಹತ್ತಿ ಬಂದವಂಗೆ ಈ ಅಕ್ಕನ ಪಾನಕ ಒಂದು ಗ್ಲಾಸ್ ಸಾಕಾಗ್ತಿಲ್ಲೆ. ಎರಡನೇದಕ್ಕೆ ಕೈ ತನ್ನಷ್ಟಕ್ಕೇ ಚಾಚ್ತು," ಎಂದರು.

ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. ಸಿದ್ದಾಪುರದ ಉಪ್ಪಿನಕಾಯಿಯ ಬಗ್ಗೆ ಯಲ್ಲಾಪುರದವರು, ಯಲ್ಲಾಪುರದ ಬುಟ್ಟಿಯ ಬಗ್ಗೆ ಶಿರಸಿಯವರು. ನಾನು ಪ್ರಸಾರ ನಿಲ್ಲಿಸಲೇ ಎಂದು ನೋಡಿದೆ. ತರಬೇತಿಯವರು ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. "ಬಂದ್ ಮಾಡಬ್ಯಾಡ್ರಿ ಮೇಡಂ," ಎಂದರು. "ಬ್ಯಾಟರಿ ಇರೋತನಕ ಬಿಡ್ರಿ." ಒಂದು ಗಂಟೆ ಹತ್ತು ನಿಮಿಷ. ಇಪ್ಪತ್ತೆರಡು ಜನ ಮಾತಾಡಿದರು. ತಮ್ಮ ಮಾಲಿನ ಬಗ್ಗೆ ಮಾತಾಡಿದವರು ಸೊನ್ನೆ. ಆ ಮೊಬೈಲ್ ಕವರಿನ ಹುಡುಗನೂ ಪಕ್ಕದ ಅಂಗಡಿಯ ಚಕ್ಕುಲಿಯನ್ನೇ ಹೊಗಳಿದ. ಊಟಕ್ಕೆ ಕೂತಾಗ ಎರಡೂ ಬಗೆಯ ಹಪ್ಪಳ ಬಡಿಸಿದರು, ತೆಳ್ಳಗಿನದು ಮತ್ತು ನನ್ನದು. ಎಲೆ ಎಣಿಸಿದೆ: 142.

ಆ ತಿಂಗಳೆಲ್ಲ ನಾನು ಮತ್ತೆ ಬಸ್ಸು ಹತ್ತಿ ಅದೇ 34 ವಿಡಿಯೋಗಳನ್ನು ಹೊಸದಾಗಿ ತೆಗೆದೆ. ಈ ಸಲ ಮಾಡಿದವರ ಮುಂದೆ ಕ್ಯಾಮೆರಾ ಹಿಡಿಯಲಿಲ್ಲ, ತಿಂದವರ, ಕುಡಿದವರ, ಬಳಸಿದವರ ಮುಂದೆ ಹಿಡಿದೆ. ಮಾಡಿದವರು ಹಿಂದೆ ನಿಂತು ತಮ್ಮ ಕೆಲಸ ಮಾಡುತ್ತಿದ್ದರೆ ಸಾಕು. ಪ್ರತಿಯೊಂದರ ಕೆಳಗೂ ಮಾಡಿದವರ ಫೋನ್ ನಂಬರ್ ಹಾಕಿ ಜಾಲತಾಣಕ್ಕೆ ಏರಿಸಿದೆ. ನಾನು ಬರೆದುಕೊಟ್ಟ ಹಾಳೆಗಳ ಹಿಂಬದಿಯನ್ನು ಗಜಣ್ಣ ಪ್ರೂಫ್ ತೆಗೆಯಲು ಬಳಸಿಕೊಂಡರು. ಶರಾವತಿ ಅತ್ತೆಯ ನಂಬರಿಗೆ ಬೆಳಗಾವಿಯಿಂದ, ಮೈಸೂರಿನಿಂದ ಕರೆ ಬಂದವು. ಬಂದ ಕರೆಗೆಲ್ಲ ಅವರು ಮೊದಲು "ಸ್ವಲ್ಪ ದಪ್ಪ ಇದ್ದು, ಅಡ್ಡಿಲ್ಯ?" ಎಂದೇ ಕೇಳುತ್ತಿದ್ದರಂತೆ. ಆ ದಪ್ಪದ್ದೇ ಬೇಕು ಎಂದವರು ಎಂಟು ಜನ. ಅದನ್ನು ಅವರೇ ಎಣಿಸಿಟ್ಟುಕೊಂಡು ನನಗೆ ಹೇಳಿದರು. ಜೂನ್ 9, ಸೋಮವಾರ, ಮಳೆ ಹಿಡಿದುಕೊಂಡ ವಾರದಲ್ಲಿ ಫೋನ್ ಮಾಡಿ, "ಮುನ್ನೂರಾ ಹತ್ತೊಂಬತ್ತು ಹೋತು ಕೂಸೆ," ಎಂದರು. ಒಂದು ಕಟ್ಟು ಮಾತ್ರ ಉಳಿಸಿಕೊಂಡಿದ್ದರು.

ಹೆಮ್ಮೆ ಎಂಬ ಪದವನ್ನು ನಾನು ಡೈರಿಯಲ್ಲಿ ಹೆಚ್ಚು ಬಳಸಿಲ್ಲ. ಆ ದಿನದ ಪುಟದಲ್ಲಿ ಬಳಸಿದ್ದೇನೆ. ನಮ್ಮ ಮೂರು ತಾಲೂಕಿನವರು ಒಂದು ಹೊಸ ವಿದ್ಯೆಯನ್ನು ಕಲಿತರು, ಕಲಿಯುವಾಗ ತಮ್ಮ ಸ್ವಭಾವವನ್ನು ಬಾಗಿಲ ಹೊರಗೆ ಬಿಟ್ಟು ಬರಲಿಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ, ಯಾಕೆಂದರೆ ನಾನು ಹೊಗಳುತ್ತಿರುವುದು ನನ್ನನ್ನಲ್ಲ.

ಈ ವರ್ಷ ಮಾರ್ಚ್ 23, ಸೋಮವಾರ, ಶರಾವತಿ ಅತ್ತೆ ಮತ್ತೆ ಪ್ರೆಸ್ಸಿಗೆ ಬಂದರು. ಲೇಬಲ್ 600. ಊರಿನ ಕೆಳಗೆ ಈಗ ಫೋನ್ ನಂಬರ್ ಇದೆ. 'ರುಚಿಕರ' ಹಾಕೋಣವೇ ಎಂದು ಸುಮ್ಮನೆ ಕೇಳಿದೆ. ಬೇಡ ಎಂದರು. ಹೊರಡುವಾಗ ಪ್ರತಿ ಸಲ ಕೇಳುವುದನ್ನೇ ಕೇಳಿದರು: "ಅದು ಯಾರು ಹೇಳಿ ಗೊತ್ತಾತನೇ?"

ಗೊತ್ತಾಗಿಲ್ಲ. ಸಮಾವೇಶದ ದಿನ ಹಿಂದಿನ ಬಾಗಿಲ ಹತ್ತಿರದಿಂದ ಮಾತಾಡಿದ ಆಕೆ, ಆ ಗದ್ದಲದಲ್ಲೇ ಬಸ್ಸಿಗೆ ಹೊತ್ತಾಯಿತೆಂದು ಊಟ ಮಾಡದೆ ಹೊರಟುಹೋಗಿದ್ದರು. ಆಮೇಲೆ ಹುಲೇಕಲ್ಲಿಗೂ ಬಂದಿಲ್ಲ. ರಿಜಿಸ್ಟರಿನ 87ನೇ ಸಾಲು ಅವರದೇ ಇರಬೇಕು. ಹೆಸರಿನ ಜಾಗದಲ್ಲಿ ಬರೀ ಗೀರು ಇದೆ. ನಾನಿಟ್ಟ ಎರಡು ಪೆನ್ನಿನಲ್ಲಿ ಒಂದು ಅಲ್ಲಿಗೆ ಮೂಡುವುದು ನಿಲ್ಲಿಸಿತ್ತು. ತಪ್ಪು ನನ್ನದು. ಇನ್ನೊಂದು ಪೆನ್ನಿನಲ್ಲಿ ಊರಿನ ಕಾಲಂ ತುಂಬಿದ್ದಾರೆ: 'ಬನವಾಸಿ ಹತ್ತಿರ.' ವ್ಯವಹಾರದ ಕಾಲಂನಲ್ಲಿ: 'ಗಿರಾಕಿ.' ಉಳಿದ 142 ಸಾಲಿನಲ್ಲಿ ಎಲ್ಲರೂ ಮಾರುವವರೇ. ಕೊಳ್ಳುವವರನ್ನು ಕರೆಯಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಹುಲೇಕಲ್ಲಿನಲ್ಲಿ ಆಕೆಗೆಂದು ಉಳಿಸಿದ ಆ ಕಟ್ಟು ಡಬ್ಬಿಯಲ್ಲೇ ಇದೆ. ಈ ವರ್ಷದ ಮೊದಲ ಕಟ್ಟನ್ನೂ ಅದರ ಪಕ್ಕದಲ್ಲಿ ಇಟ್ಟಿದ್ದಾರೆ. ಹಲ್ಲಿಲ್ಲದ ಮಾವನವರಿಗೆ ಸಾರಿನಲ್ಲಿ ಹಲಸಿನ ಹಪ್ಪಳ ಅದ್ದಿ ಕೊಡುವ, ಗಟ್ಟಿ ದನಿಯ ಒಬ್ಬ ಅಕ್ಕ ಬನವಾಸಿ ಕಡೆ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಈ ಬರಹ ಪ್ರಕಟವಾದ ಪತ್ರಿಕೆಗೆ ಎರಡು ಸಾಲು ಬರೆಯಿರಿ. ಹೆಸರು ಒಂದು ಸಾಕು. ರಿಜಿಸ್ಟರ್ ನನ್ನ ಹತ್ತಿರವೇ ಇದೆ, ಪೆನ್ನು ಮೂಡುತ್ತದೆ ಎಂದು ನೋಡಿಟ್ಟುಕೊಂಡಿದ್ದೇನೆ.